ಪೆಲೆಟ್ ಒಲೆಗೆ ಇಂಧನ ಬೀಳದೆ ನಿಂತಾಗ ಮಾಡಬೇಕಾದ ತಪಾಸಣೆ

ಮೈಸೂರು ಮತ್ತು ಮಂಡ್ಯದ ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳ ಅಡುಗೆಮನೆಗಳಲ್ಲಿ ಸೌದೆ ಅಥವಾ ಗ್ಯಾಸಿನ ಬದಲಿಗೆ ಪೆಲೆಟ್, ಅಂದರೆ ಮರದ ಪುಡಿ, ಹೊಟ್ಟು ಒತ್ತಿ ಮಾಡಿದ ಹರಳು, ಉರಿಸುವ ಒಲೆ ಇಟ್ಟುಕೊಂಡವರಿಗೆ ಒಂದು ತೊಂದರೆ ಚೆನ್ನಾಗಿ ಗೊತ್ತಿರುತ್ತದೆ. ಅಕ್ಕಿ ಹಾಕಿ ಕುದಿ ಬರುವ ಹೊತ್ತಿಗೆ ಜ್ವಾಲೆ ತಗ್ಗುತ್ತದೆ. ಗಾಳಿ ಊದುವ ಬ್ಲೋವರ್ ಎಂದಿನಂತೆ ಸದ್ದು ಮಾಡುತ್ತಲೇ ಇರುತ್ತದೆ. ಹಾಪರಿನಲ್ಲಿ (ಪೆಲೆಟ್ ಸುರಿಯುವ ತೊಟ್ಟಿಯಲ್ಲಿ) ಪೆಲೆಟ್ ತುಂಬಿದ್ದರೂ ಒಂದು ಹರಳೂ ಒಲೆಗೆ ಬೀಳುವುದಿಲ್ಲ. ಇಂಥ ಹೊತ್ತಿನಲ್ಲಿ ಬಹಳ ಮಂದಿ ಮೊದಲು ಅನುಮಾನಿಸುವುದು ಮೋಟಾರನ್ನು. ಮೋಟಾರು ಬಿಚ್ಚಿ ವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ, ಅಲ್ಲಿ ಅದು ಸರಿಯಾಗಿಯೇ ತಿರುಗುತ್ತದೆ, ಮರಳಿ ತಂದು ಜೋಡಿಸಿದರೆ ತೊಂದರೆ ಹಾಗೆಯೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ತಪಾಸಣೆಯು ಚೀಲದಿಂದ ಶುರುವಾಗಿ, ಪೆಲೆಟ್ ಸಾಗುವ ದಾರಿಯಲ್ಲೇ ಹಾಪರು, ಸ್ಕ್ರೂ, ಕೊಳವೆ ಎಂದು ಮುಂದುವರಿದು, ಕೊನೆಗೆ ಮೋಟಾರು ಮತ್ತು ವಿದ್ಯುತ್ ಪ್ಯಾನಲ್‌ಗೆ ಬರಬೇಕು. ಇಂಧನ ನಿಲ್ಲುವ ಕಾರಣ ಹೆಚ್ಚಾಗಿ ಇಂಧನದಲ್ಲೇ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ಹಾಪರಿನ ತಳದಲ್ಲಿರುವ ಸ್ಕ್ರೂ ತಿರುಗಿ ಪೆಲೆಟ್ಟನ್ನು ಉರಿಬಟ್ಟಲಿಗೆ ತಳ್ಳುವ ಒಲೆಗಳ ವಿಚಾರ. ಈ ಸ್ಕ್ರೂವನ್ನು ಗೇರ್ ಮೋಟಾರು ನಿಧಾನವಾಗಿ ತಿರುಗಿಸುತ್ತದೆ. ಕೆಲವು ಒಲೆಗಳಲ್ಲಿ ಅದು ನಿರಂತರವಾಗಿ ತಿರುಗಿದರೆ, ಇನ್ನು ಕೆಲವಲ್ಲಿ ಟೈಮರಿನ ಲೆಕ್ಕದಂತೆ ಕೆಲವು ಸೆಕೆಂಡು ತಿರುಗಿ ಕೆಲವು ಸೆಕೆಂಡು ನಿಲ್ಲುತ್ತದೆ. ಆದ್ದರಿಂದ ಸ್ಕ್ರೂ ನಿಂತಿದೆ ಎಂದು ತೀರ್ಮಾನಿಸುವ ಮೊದಲು ಟೈಮರಿನ ಎರಡು ಮೂರು ಸರದಿ ಮುಗಿಯುವವರೆಗೆ ಕಾದು ನೋಡಬೇಕು.

ಕೈ ಹಾಕುವ ಮುನ್ನ

ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ. ಇಂಧನದ ಸ್ವಿಚ್ಚನ್ನು ಮಾತ್ರ ಆರಿಸಿ, ಬಟ್ಟಲಿನಲ್ಲಿ ಉಳಿದ ಕೆಂಡ ಪೂರ್ತಿ ಉರಿದು ಹೋಗುವವರೆಗೆ ಬ್ಲೋವರನ್ನು ಚಾಲೂ ಇಡಿ. ಆಮೇಲೆ ಒಲೆಗೆ ಬರುವ ವಿದ್ಯುತ್ತನ್ನು ಬೋರ್ಡಿನಲ್ಲೇ ಕಡಿಯುವ ಎಂಸಿಬಿಯನ್ನೇ ಕೆಳಗೆ ಮಾಡಿ. ಒಲೆಯ ಮೇಲಿನ ಸ್ವಿಚ್ಚು ಆರಿಸಿದರೆ ಸಾಲದು, ಏಕೆಂದರೆ ಟೈಮರು ನಡುವೆ ಎಚ್ಚೆತ್ತರೆ ಸ್ಕ್ರೂ ತಿರುಗಬಹುದು. ನಿಧಾನವಾಗಿ ತಿರುಗುವ ಗೇರ್ ಮೋಟಾರಿನ ಬಲ ಬಹಳ ದೊಡ್ಡದು. ಸ್ಕ್ರೂವಿನ ರೆಕ್ಕೆ ಮತ್ತು ಕೊಳವೆಯ ಅಂಚಿನ ನಡುವೆ ಬೆರಳು ಸಿಕ್ಕರೆ ಅದು ನಿಲ್ಲುವುದಿಲ್ಲ. ಎಂಸಿಬಿ ಆರಿಸಿದವರೇ ಅದರ ಹತ್ತಿರ ಒಬ್ಬರನ್ನು ನಿಲ್ಲಿಸುವುದು ಅಥವಾ ಒಂದು ಚೀಟಿ ಅಂಟಿಸುವುದು ಒಳ್ಳೆಯದು. ಸಮಾರಂಭದ ಗಡಿಬಿಡಿಯಲ್ಲಿ ಇನ್ನೊಬ್ಬರು ಬಂದು ಅದನ್ನು ಮೇಲೆತ್ತುವ ಸಾಧ್ಯತೆ ಇದ್ದೇ ಇರುತ್ತದೆ.

ಹಾಪರಿನಿಂದ ಹೊಗೆ ಬರುತ್ತಿದ್ದರೆ ಅದನ್ನು ಬೇರೆಯದೇ ಸಂಗತಿಯಾಗಿ ನೋಡಬೇಕು. ಬಟ್ಟಲಿನ ಬೆಂಕಿ ಸ್ಕ್ರೂ ಕೊಳವೆಯ ಮೂಲಕ ಹಿಂದಕ್ಕೆ ತೆವಳಿದೆ ಎಂಬುದೇ ಇದರ ಅರ್ಥ. ಆಗ ಮುಚ್ಚಳ ತೆರೆದು ಇಣುಕಬಾರದು. ಗಾಳಿ ಸಿಕ್ಕ ಕೂಡಲೇ ಒಳಗಿನ ಹೊಗೆ ಭಗ್ಗೆಂದು ಹೊತ್ತಿಕೊಳ್ಳಬಹುದು. ಸ್ಕ್ರೂ ತಿರುಗುವಂತಿದ್ದರೆ ಅದನ್ನು ಮುಂದಕ್ಕೆ ಓಡಿಸಿ, ಕೊಳವೆಯಲ್ಲಿರುವ ಕೆಂಡವನ್ನು ಬಟ್ಟಲಿಗೇ ತಳ್ಳಬೇಕು. ತಿರುಗದಿದ್ದರೆ ವಿದ್ಯುತ್ ಕಡಿದು, ಮುಚ್ಚಳ ಮುಚ್ಚಿಯೇ ಇಟ್ಟು, ಜನರನ್ನು ಹೊರಗೆ ಕಳುಹಿಸಿ, 101 ಅಥವಾ 112ಕ್ಕೆ ಕರೆ ಮಾಡುವುದೇ ಸರಿ. ಅರೆಬರೆ ಉರಿಯುವ ಪೆಲೆಟ್ಟಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಬಣ್ಣವೂ ಇಲ್ಲ. ತಲೆ ಸುತ್ತು, ವಾಕರಿಕೆ ಕಂಡವರನ್ನು ತಡಮಾಡದೆ ಬಯಲಿಗೆ ಕರೆದೊಯ್ಯಬೇಕು.

ಮೊದಲ ಪ್ರಶ್ನೆ: ಸ್ಕ್ರೂ ತಿರುಗುತ್ತಿದೆಯೇ?

ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಮೋಟಾರಿನ ಸದ್ದು ಕೇಳಿ ಸ್ಕ್ರೂ ತಿರುಗುತ್ತಿದೆ ಎಂದು ಊಹಿಸಬಾರದು, ಕಣ್ಣಾರೆ ನೋಡಬೇಕು. ಎಂಸಿಬಿ ಆರಿಸಿರುವಾಗಲೇ ಮೋಟಾರಿನ ಶಾಫ್ಟಿನ ಮೇಲೊಂದು, ಸ್ಕ್ರೂವಿನ ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ನಂತರ ದೂರ ನಿಂತು, ಬೇರೊಬ್ಬರಿಂದ ಒಂದು ನಿಮಿಷ ವಿದ್ಯುತ್ ಕೊಡಿಸಿ ನೋಡಿ. ಎರಡೂ ಗೆರೆ ತಿರುಗಿದರೆ ತೊಂದರೆ ಹಾಪರು ಅಥವಾ ಪೆಲೆಟ್ಟಿನದು. ಮೋಟಾರಿನ ಗೆರೆ ಮಾತ್ರ ತಿರುಗಿದರೆ ನಡುವಿನ ಜೋಡಣೆ ಕಳಚಿದೆ. ಎರಡೂ ನಿಂತು ಮೋಟಾರು ಗುಂಯ್ ಎನ್ನುತ್ತಿದ್ದರೆ ಸ್ಕ್ರೂ ಸಿಕ್ಕಿಕೊಂಡಿದೆ ಅಥವಾ ಮೋಟಾರಿಗೆ ಬೇಕಾದ ಬಲ ಸಿಗುತ್ತಿಲ್ಲ. ಸದ್ದೇ ಇಲ್ಲದಿದ್ದರೆ ವಿದ್ಯುತ್ತು ಮೋಟಾರಿನವರೆಗೆ ತಲುಪುತ್ತಿಲ್ಲ.

ಸ್ಕ್ರೂ ತಿರುಗುತ್ತದೆ, ಪೆಲೆಟ್ ಬರುವುದಿಲ್ಲ

ನಮ್ಮ ಭಾಗದಲ್ಲಿ ಅತಿ ಹೆಚ್ಚಾಗಿ ಕಾಣುವುದು ಇದೇ. ಹಾಪರಿನ ಮುಚ್ಚಳ ತೆಗೆದು ಟಾರ್ಚು ಹಾಕಿದರೆ ಮೇಲ್ನೋಟಕ್ಕೆ ಪೆಲೆಟ್ ತುಂಬಿರುತ್ತದೆ. ಒಂದು ಕೋಲಿನಿಂದ ನಡುವೆ ಚುಚ್ಚಿದ ಕೂಡಲೇ ಮೇಲಿನ ಪದರ ಕುಸಿದು, ಅದರಡಿಯಲ್ಲಿ ಬಾವಿ ತೋಡಿದಂತೆ ಟೊಳ್ಳು ಕಾಣುತ್ತದೆ. ಸ್ಕ್ರೂವಿನ ನೇರಕ್ಕೆ ಇದ್ದ ಪೆಲೆಟ್ ಎಲ್ಲ ಇಳಿದುಹೋಗಿ, ಸುತ್ತಲಿನದು ಗೋಡೆಗೆ ಅಂಟಿ ಒಂದಕ್ಕೊಂದು ಆತು ನಿಂತುಬಿಟ್ಟಿರುತ್ತದೆ. ಸ್ಕ್ರೂ ತಿರುಗುತ್ತಲೇ ಇದ್ದರೂ ಅದಕ್ಕೆ ತಳ್ಳಲು ಏನೂ ಸಿಗುವುದಿಲ್ಲ. ಕೋಲಿನಿಂದ ಕೆದಕಿದರೆ ಆ ಹೊತ್ತಿಗೆ ಒಲೆ ಉರಿಯುತ್ತದೆ, ಅನ್ನ ಬೇಯುತ್ತದೆ. ಆದರೆ ಪೆಲೆಟ್ ಯಾಕೆ ಹಾಗೆ ನಿಂತಿತು ಎಂದು ಕೇಳದಿದ್ದರೆ ಮಾರನೆಯ ದಿನವೂ ಕೋಲು ಹಿಡಿದು ನಿಲ್ಲಬೇಕಾಗುತ್ತದೆ.

ಕಾರಣ ಸಾಮಾನ್ಯವಾಗಿ ಎರಡು: ತೇವ ಮತ್ತು ಪುಡಿ. ಪೆಲೆಟ್ ಎಂದರೆ ಮರದ ಪುಡಿ, ಕಡಲೆಕಾಯಿ ಸಿಪ್ಪೆ, ಕಾಫಿ ಹೊಟ್ಟು, ಕಬ್ಬಿನ ಸಿಪ್ಪೆ ಇಂಥವನ್ನು ಭಾರೀ ಒತ್ತಡದಲ್ಲಿ ಅಚ್ಚು ಒತ್ತಿ ಮಾಡಿದ್ದು. ಒತ್ತುವಾಗ ಹುಟ್ಟುವ ಬಿಸಿಗೆ ಮರದೊಳಗಿನ ಲಿಗ್ನಿನ್ ಮೆತ್ತಗಾಗಿ, ತಣಿದಾಗ ಅಂಟಿನಂತೆ ಹಿಡಿದುಕೊಳ್ಳುತ್ತದೆ. ತೇವ ತಗುಲಿದರೆ ಈ ಹಿಡಿತ ಸಡಿಲಗೊಂಡು ಪೆಲೆಟ್ ಊದಿಕೊಳ್ಳುತ್ತದೆ, ಆಮೇಲೆ ಪುಡಿಯಾಗುತ್ತದೆ. ಮೈಸೂರಿನಲ್ಲಿ ಒಳ್ಳೆಯ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದಸರಾ ಕಾಲದ ಅಡುಗೆಯ ಒತ್ತಡವೂ ಆಗಲೇ. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆಗೆ ಹೊಂದಿಕೊಂಡಿರುವ ಗೋದಾಮುಗಳ ನೆಲ ಮಳೆ ಇಲ್ಲದಾಗಲೂ ತಣ್ಣಗೆ ಜಿನುಗುತ್ತಿರುತ್ತದೆ. ಅಂಥ ನೆಲದ ಮೇಲೆ ನೇರವಾಗಿ ಇಟ್ಟ ಚೀಲಗಳಲ್ಲಿ ಕೆಳಸಾಲಿನವು ಹೊರಗಿನಿಂದ ಚೆನ್ನಾಗಿಯೇ ಕಂಡರೂ ಒಳಗೆ ಕೆಟ್ಟಿರುತ್ತವೆ.

ಪೆಲೆಟ್ಟಿನ ಗುಣವನ್ನು ನಿಂತಲ್ಲೇ ಪರೀಕ್ಷಿಸಬಹುದು. ಚೀಲದ ತಳದಿಂದ ಒಂದು ಹಿಡಿ ತೆಗೆದುಕೊಳ್ಳಿ. ಮೇಲಿನಿಂದ ತೆಗೆದರೆ ಪ್ರಯೋಜನವಿಲ್ಲ. ಒಳ್ಳೆಯ ಪೆಲೆಟ್ಟಿನ ಮೈ ನುಣುಪಾಗಿ ಹೊಳೆಯುತ್ತದೆ, ಎರಡು ಕೈಯಲ್ಲಿ ಬಗ್ಗಿಸಿದರೆ ಟಪ್ಪೆಂದು ಮುರಿಯುತ್ತದೆ. ತೇವ ಹಿಡಿದದ್ದು ಮಂಕಾಗಿ, ಮೈಯೆಲ್ಲ ಸೀಳು ಬಿಟ್ಟು, ಸದ್ದಿಲ್ಲದೆ ಉದುರುತ್ತದೆ. ಮರದ ಪೆಲೆಟ್ಟಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 17225-2 ಪ್ರಕಾರ ತೇವಾಂಶ ಶೇ 10 ಮೀರಬಾರದು, ದಪ್ಪ 6 ಅಥವಾ 8 ಮಿಲಿಮೀಟರ್ ಇರಬೇಕು, ಉದ್ದ 40 ಮಿಲಿಮೀಟರ್ ಒಳಗಿರಬೇಕು. ನಮ್ಮಲ್ಲಿ ಮಾರಾಟವಾಗುವ ಹೊಟ್ಟಿನ ಪೆಲೆಟ್ಟುಗಳಿಗೆ ಈ ಮಾನದಂಡ ನೇರವಾಗಿ ಅನ್ವಯಿಸದಿದ್ದರೂ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು ಇವೇ. ಉದ್ದದ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆರಳುದ್ದದ ನಾಲ್ಕಾರು ಪೆಲೆಟ್ಟುಗಳು ಸ್ಕ್ರೂವಿನ ಬಾಯಿಗೆ ಅಡ್ಡಲಾಗಿ ಕುಳಿತರೆ ಸಾಕು, ಅವುಗಳ ಮೇಲಿನ ರಾಶಿಯೆಲ್ಲ ಅಲ್ಲೇ ನಿಲ್ಲುತ್ತದೆ.

ಪುಡಿಯ ಕಾಟ ಇನ್ನೂ ಮೋಸದ್ದು. ಲಾರಿಯಿಂದ ಇಳಿಸುವಾಗ ಚೀಲ ಎಸೆದರೆ ಪೆಲೆಟ್ ಮುರಿದು ಪುಡಿ ಹುಟ್ಟುತ್ತದೆ. ಹಾಪರಿಗೆ ಸುರಿದಾಗ ಪುಡಿ ಕೆಳಗೆ ಇಳಿದು ಸ್ಕ್ರೂವಿನ ಬಾಯಿಯ ಎರಡು ಮೂಲೆಗಳಲ್ಲಿ ಸೇರುತ್ತದೆ. ಅಡುಗೆಮನೆಯ ಹಬೆ ತಗುಲಿ ಅದು ಕಂದು ಬಣ್ಣದ ಗಟ್ಟಿ ಪದರವಾಗಿ, ಸ್ಕ್ರೂವಿನ ರೆಕ್ಕೆಗಳ ನಡುವೆಯೂ ಮೆತ್ತಿಕೊಂಡು, ಕ್ರಮೇಣ ಸ್ಕ್ರೂ ಒಂದು ನುಣುಪಾದ ಸಲಾಕೆಯೇ ಆಗಿಬಿಡುತ್ತದೆ. ತಿರುಗುತ್ತದೆ, ಆದರೆ ಹಿಡಿದು ತಳ್ಳಲು ರೆಕ್ಕೆಯೇ ಉಳಿದಿರುವುದಿಲ್ಲ. ಇದಕ್ಕೆ ಒಂದೇ ದಾರಿ: ಹಾಪರನ್ನು ಪೂರ್ತಿ ಖಾಲಿ ಮಾಡಿ, ತಳವನ್ನು ಮರದ ಚೂಪು ಕಡ್ಡಿಯಿಂದ ಕೆರೆದು, ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯುವುದು. ನೀರಿನಿಂದ ತೊಳೆಯಬೇಡಿ. ಜಾರಲಿ ಎಂದು ಎಣ್ಣೆ, ಗ್ರೀಸು ಸವರುವುದೂ ಬೇಡ, ಏಕೆಂದರೆ ಪುಡಿ ಅದಕ್ಕೆ ಇನ್ನಷ್ಟು ಅಂಟುತ್ತದೆ. ಪ್ರತಿ ಸಲವೂ ಪೆಲೆಟ್ಟನ್ನು ಅಗಲ ಕಣ್ಣಿನ ಜರಡಿಯಲ್ಲಿ ಆಡಿಸಿ ಸುರಿಯುವ ರೂಢಿ ಮಾಡಿಕೊಂಡರೆ ಪುಡಿ ಹಾಪರಿಗೆ ಹೋಗುವುದೇ ಇಲ್ಲ. ಈ ಒಂದು ಅಭ್ಯಾಸವನ್ನು ಎಲ್ಲ ಅಡುಗೆಮನೆಗಳೂ ಪಾಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಪೆಲೆಟ್ ಒಣಗಿದೆ, ಪುಡಿಯಿಲ್ಲ, ಹಾಪರಿನಲ್ಲಿ ಟೊಳ್ಳೂ ಇಲ್ಲ, ಸ್ಕ್ರೂ ತಿರುಗುತ್ತಿದೆ, ಆದರೂ ಇಂಧನ ಬರುತ್ತಿಲ್ಲ ಎಂದಾದರೆ ಸ್ಕ್ರೂ ತಿರುಗುವ ದಿಕ್ಕು ನೋಡಿ. ಮೂರು ಫೇಸಿನ ಮೋಟಾರಿರುವ ದೊಡ್ಡ ಒಲೆಗಳಲ್ಲಿ, ಕಟ್ಟಡದ ವೈರಿಂಗ್ ಅಥವಾ ಹೊರಗಿನ ಲೈನು ರಿಪೇರಿಯಾದ ಮೇಲೆ ಫೇಸುಗಳ ಕ್ರಮ ಅದಲುಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗಿ ಪೆಲೆಟ್ಟನ್ನು ಹಾಪರಿಗೇ ವಾಪಸು ತಳ್ಳುತ್ತದೆ. ಹಿಂದಿನ ದಿನ ಚೆನ್ನಾಗಿದ್ದ ಒಲೆ ಲೈನ್ ಕೆಲಸದ ಮಾರನೆಯ ದಿನ ನಿಂತರೆ ಮೊದಲು ಇದನ್ನೇ ನೋಡಬೇಕು. ಎಲೆಕ್ಟ್ರಿಷಿಯನ್ನರು ಯಾವುದಾದರೂ ಎರಡು ಫೇಸಿನ ತಂತಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ಸರಿಹೋಗುತ್ತದೆ. ಅದೇ ಬ್ಲೋವರಿಗೂ ಅನ್ವಯಿಸುತ್ತದೆ. ಉಲ್ಟಾ ತಿರುಗುವ ಬ್ಲೋವರು ಗಾಳಿ ಕೊಡುತ್ತಿರುವಂತೆ ಕಂಡರೂ ಅದರ ಗಾಳಿ ಸಾಲದು.

ಮೋಟಾರು ತಿರುಗುತ್ತದೆ, ಸ್ಕ್ರೂ ತಿರುಗುವುದಿಲ್ಲ

ಇದು ಸುಲಭದ ರಿಪೇರಿ. ಮೋಟಾರಿನ ಶಾಫ್ಟು ಮತ್ತು ಸ್ಕ್ರೂವನ್ನು ಜೋಡಿಸುವ ಕಪ್ಲಿಂಗಿನಲ್ಲಿ ಅಲೆನ್ ಕೀಯಿಂದ ಬಿಗಿಯುವ ಗ್ರಬ್ ಸ್ಕ್ರೂ ಇರುತ್ತದೆ. ಅದು ಸಡಿಲವಾದರೆ ಶಾಫ್ಟಿನ ಸುತ್ತ ಬೆಳ್ಳಗೆ ಹೊಳೆಯುವ, ಬಳೆಯಾಕಾರದ ಗೀರು ಕಾಣುತ್ತದೆ. ಆ ಗೀರು ಕಂಡರೆ ಬೇರೆ ಪುರಾವೆ ಬೇಡ. ಗ್ರಬ್ ಸ್ಕ್ರೂವನ್ನು ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಕೂರುವಂತೆ ಬಿಗಿದರೆ ಸಾಕು. ಶಾಫ್ಟು ಜಾರದಂತೆ ಗಾಡಿಯಲ್ಲಿ ಕೂರಿಸುವ ಕೀ ಎಂಬ ಸಣ್ಣ ಕಬ್ಬಿಣದ ತುಂಡು ಇದ್ದರೆ ಅದು ಸವೆದಿದೆಯೇ, ಉದುರಿ ಒಲೆಯ ಕೆಳಗೆ ಬಿದ್ದಿದೆಯೇ ನೋಡಿ. ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಹೊಸದು ಮಾಡಿಸಿಕೊಳ್ಳಬಹುದು. ಕೆಲವು ಒಲೆಗಳಲ್ಲಿ ಸ್ಕ್ರೂ ಸಿಕ್ಕಿಕೊಂಡಾಗ ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸಲೆಂದೇ ಒಂದು ಮೆದು ಪಿನ್ನು ಹಾಕಿರುತ್ತಾರೆ. ಅದರ ಜಾಗಕ್ಕೆ ಗಟ್ಟಿ ಉಕ್ಕಿನ ಬೋಲ್ಟು ಹಾಕಿದರೆ ಮುಂದಿನ ಸಲ ಮುರಿಯುವುದು ಗೇರಿನ ಹಲ್ಲು. ಪಿನ್ನು ಮುರಿದಿದೆ ಎಂದರೆ ಸ್ಕ್ರೂ ಎಲ್ಲೋ ಸಿಕ್ಕಿಕೊಂಡಿತ್ತು ಎಂದೇ ಅರ್ಥ. ಆ ಕಾರಣ ಹುಡುಕದೆ ಹೊಸ ಪಿನ್ನು ಹಾಕಬಾರದು.

ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ

ತಕ್ಷಣ ವಿದ್ಯುತ್ ಕಡಿಯಿರಿ. ತಿರುಗದೆ ನಿಂತ ಮೋಟಾರಿನಲ್ಲಿ ಕರೆಂಟು ವಿಪರೀತ ಹರಿದು ಸ್ವಲ್ಪ ಹೊತ್ತಿನಲ್ಲೇ ವೈಂಡಿಂಗ್ ಸುಡುತ್ತದೆ.

ಮೊದಲು ಕಪ್ಲಿಂಗನ್ನು ಕಳಚಿ ಮೋಟಾರು ಮತ್ತು ಸ್ಕ್ರೂವನ್ನು ಬೇರೆ ಮಾಡಿ. ಇದನ್ನು ಬಿಟ್ಟು ಸ್ಕ್ರೂವನ್ನು ಕೈಯಿಂದ ತಿರುಗಿಸಲು ಹೋಗಬೇಡಿ, ಏಕೆಂದರೆ ಮೋಟಾರಿನ ವೇಗ ತಗ್ಗಿಸುವ ವರ್ಮ್ ಗೇರ್‌ಬಾಕ್ಸುಗಳಲ್ಲಿ ಹೆಚ್ಚಿನವನ್ನು ಸ್ಕ್ರೂವಿನ ಕಡೆಯಿಂದ ತಿರುಗಿಸಲಾಗದು, ಬಲ ಹಾಕಿದರೆ ಹಲ್ಲು ಮುರಿಯುತ್ತದೆ. ಬೇರ್ಪಡಿಸಿದ ಮೇಲೆ ಹಾಪರನ್ನು ಖಾಲಿ ಮಾಡಿ, ಸ್ಕ್ರೂವಿನ ಶಾಫ್ಟನ್ನು ಪೈಪ್ ಸ್ಪ್ಯಾನರಿನಿಂದ ಹಿಡಿದು ಕಾಲು ಸುತ್ತು ಹಿಂದಕ್ಕೆ, ಮತ್ತೆ ಮುಂದಕ್ಕೆ, ನಿಧಾನವಾಗಿ ಆಡಿಸಿ. ಸಿಕ್ಕಿಕೊಂಡದ್ದು ಸಾಮಾನ್ಯವಾಗಿ ಹೀಗೆ ಬಿಡುತ್ತದೆ. ಕೊಳವೆಯನ್ನು ಸುತ್ತಿಗೆಯಿಂದ ಬಡಿಯುವ ಅಭ್ಯಾಸ ಕೆಟ್ಟದ್ದು. ಕೊಳವೆ ಒಂದು ಕಡೆ ನಗ್ಗಿದರೆ ಸ್ಕ್ರೂ ಶಾಶ್ವತವಾಗಿ ಅಲ್ಲಿ ಉಜ್ಜುತ್ತದೆ.

ಹೊರಬರುವ ವಸ್ತುಗಳನ್ನು ಗಮನಿಸಿದರೆ ಬಹಳಷ್ಟು ತಿಳಿಯುತ್ತದೆ. ಕಲ್ಲು, ಮೊಳೆ, ಪ್ಲಾಸ್ಟಿಕ್ ಚೂರು ಸಿಗುವುದುಂಟು. ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಚೀಲದ ಬಾಯಿಯ ಹೊಲಿಗೆ ದಾರ. ಅವಸರದಲ್ಲಿ ಚೀಲ ಕೊಯ್ದು ಸುರಿದವರ ಕೈತಪ್ಪಿ ಬಿದ್ದ ದಾರ ಸ್ಕ್ರೂವಿಗೆ ಸುತ್ತು ಸುತ್ತಾಗಿ ಬಿಗಿದುಕೊಂಡು, ಪುಡಿಯನ್ನೂ ಸೇರಿಸಿಕೊಂಡು, ಬ್ಲೇಡಿನಿಂದ ಕೊಯ್ದೇ ತೆಗೆಯಬೇಕಾದಷ್ಟು ಗಟ್ಟಿಯಾಗಿರುತ್ತದೆ. ಹಾಪರಿನ ಬಾಯಿಗೆ ಒಂದು ಅಂಗುಲ ಕಣ್ಣಿನ ಕಬ್ಬಿಣದ ಜಾಲರಿ ಬೆಸುಗೆ ಹಾಕಿಸಿದರೆ ಇದೂ ತಪ್ಪುತ್ತದೆ, ಕೈ ಒಳಗೆ ಹೋಗುವ ಅಪಾಯವೂ ತಪ್ಪುತ್ತದೆ.

ಸ್ಕ್ರೂ ಸಲೀಸಾಗಿ ತಿರುಗಿ, ಬೇರ್ಪಟ್ಟ ಮೋಟಾರು ಮಾತ್ರ ಗುಂಯ್ ಎನ್ನುತ್ತಿದ್ದರೆ ಸಿಂಗಲ್ ಫೇಸ್ ಮೋಟಾರಿನಲ್ಲಿ ತಿರುಗಲು ನೆರವಾಗುವ ಡಬ್ಬಿಯಂತಹ ಭಾಗ, ಅಂದರೆ ಕೆಪಾಸಿಟರ್, ಕೆಟ್ಟಿರುವ ಸಂಭವವೇ ಹೆಚ್ಚು. ಅದರ ತಲೆ ಉಬ್ಬಿರಬಹುದು, ಎಣ್ಣೆ ಜಿನುಗಿರಬಹುದು. ಮೈಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ಸಂಖ್ಯೆಯನ್ನು ನೋಡಿಕೊಂಡು ಅದೇ ಅಳತೆಯದನ್ನು ತರಬೇಕು. ವಿದ್ಯುತ್ ಕಡಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜು ಉಳಿದಿರುತ್ತದಾದ್ದರಿಂದ ಈ ಕೆಲಸವನ್ನು ತಿಳಿದವರಿಗೇ ಬಿಡಿ. ಮೂರು ಫೇಸಿನ ಮೋಟಾರಾದರೆ ಒಂದು ಫೇಸು ಹೋಗಿದೆಯೇ ಎಂದು ನೋಡಿಸಿ.

ವೋಲ್ಟೇಜಿನ ಮಾತೂ ಇದೆ. ಮಂಡ್ಯದ ಹಳ್ಳಿಗಳ ಕಡೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಚಾಲೂ ಆದಾಗ ಮನೆಯ ಬಲ್ಬು ಮಂಕಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಇಂಡಕ್ಷನ್ ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 184 ವೋಲ್ಟ್ ಮಾತ್ರ ಬಂದರೆ, ಅಂದರೆ ಐದರಲ್ಲಿ ಒಂದು ಪಾಲು ಕಡಿಮೆಯಾದರೆ, ಬಲವು ಶೇ 64ಕ್ಕೆ ಬೀಳುತ್ತದೆ. ಒಣ ಪೆಲೆಟ್ಟನ್ನು ಹೇಗೋ ತಳ್ಳುತ್ತಿದ್ದ ಮೋಟಾರು ತೇವದ ಪೆಲೆಟ್ ಬಂದ ದಿನ ಸೋಲುವುದು ಇದರಿಂದಲೇ. ಬೆಳಿಗ್ಗೆ ಸರಿಯಿದ್ದು ನಿರ್ದಿಷ್ಟ ಹೊತ್ತಿನಲ್ಲಿ ಮಾತ್ರ ನಿಲ್ಲುವ ಒಲೆಗೆ ಆ ಹೊತ್ತಿನಲ್ಲೇ ಮಲ್ಟಿಮೀಟರ್ ಹಿಡಿದು ನೋಡಬೇಕು. ಸ್ಟೆಬಿಲೈಸರ್ ಬೇಕೇ ಬೇಡವೇ ಎಂಬುದು ಆಗ ತಿಳಿಯುತ್ತದೆ.

ಸದ್ದೇ ಇಲ್ಲ

ಎಂಸಿಬಿ, ಪ್ಯಾನಲಿನ ಫ್ಯೂಸು, ಮೋಟಾರಿಗೆ ಹೊರೆ ಹೆಚ್ಚಾದಾಗ ವಿದ್ಯುತ್ ಕಡಿಯುವ ಓವರ್‌ಲೋಡ್ ರಿಲೇ ಈ ಮೂರನ್ನೂ ಕ್ರಮವಾಗಿ ನೋಡಿ. ರಿಲೇ ಟ್ರಿಪ್ ಆಗಿದ್ದರೆ ಅದರ ಗುಂಡಿ ಒತ್ತಿ ಮುಂದುವರಿಯುವ ಮೊದಲು ಸ್ಕ್ರೂ ಸಡಿಲವಾಗಿ ತಿರುಗುತ್ತದೆಯೇ ಎಂದು ಪರೀಕ್ಷಿಸಿ. ಪೆಲೆಟ್ ಚೀಲದ ಸುತ್ತ ಇಲಿ ಸೇರುವುದರಿಂದ ವೈರು ಕಡಿದಿರುವ ಸಾಧ್ಯತೆಯನ್ನೂ ಮರೆಯಬಾರದು. ಕೆಲವು ಒಲೆಗಳಲ್ಲಿ ಹಾಪರ್ ಮುಚ್ಚಳ ಸರಿಯಾಗಿ ಕೂರದಿದ್ದರೆ, ಸ್ಕ್ರೂ ಕೊಳವೆ ಮಿತಿಮೀರಿ ಬಿಸಿಯಾದರೆ ಅಥವಾ ಚಿಮಣಿ ಕಟ್ಟಿಕೊಂಡು ಹೊಗೆ ಎಳೆಯದಿದ್ದರೆ ಇಂಧನವನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚುಗಳಿರುತ್ತವೆ. ಇಂಥ ಸ್ವಿಚ್ಚಿಗೆ ತಂತಿ ಸುತ್ತಿ ನೇರ ಮಾಡಿ ಒಲೆ ಓಡಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಸ್ವಿಚ್ಚು ಕೆಲಸ ಮಾಡಿದೆ ಎಂದರೆ ಬಹುಪಾಲು ಅದು ಹೇಳುತ್ತಿರುವ ಅಪಾಯ ನಿಜವಾಗಿಯೇ ಇರುತ್ತದೆ.

ಇಂಧನ ನಿಂತಂತೆ ಕಾಣುವ, ಆದರೆ ನಿಲ್ಲದ ಸ್ಥಿತಿ

ಜ್ವಾಲೆ ತಗ್ಗಿದ ಮಾತ್ರಕ್ಕೆ ಇಂಧನ ನಿಂತಿದೆ ಎಂದಲ್ಲ. ಉರಿಬಟ್ಟಲಿನ ತೂತುಗಳು ಕಟ್ಟಿಕೊಂಡರೆ ಗಾಳಿ ಸಿಗದೆ ಪೆಲೆಟ್ ಕರಿಯಾಗಿ ರಾಶಿ ಬೀಳುತ್ತದೆ, ರಾಶಿ ಬೆಳೆದು ಕೊಳವೆಯ ಬಾಯನ್ನೇ ಮುಚ್ಚುತ್ತದೆ, ಆಮೇಲೆ ನಿಜವಾಗಿಯೂ ಇಂಧನ ನಿಲ್ಲುತ್ತದೆ. ಭತ್ತದ ಹೊಟ್ಟು ಬೆರೆತ ಪೆಲೆಟ್ಟಿನಲ್ಲಿ ಇದು ಹೆಚ್ಚು. ಒಳ್ಳೆಯ ಮರದ ಪೆಲೆಟ್ಟಿನ ಬೂದಿ ನೂರಕ್ಕೆ ಒಂದರ ಆಸುಪಾಸಿನಲ್ಲಿದ್ದರೆ, ಭತ್ತದ ಹೊಟ್ಟಿನದು 15ರಿಂದ 20ರಷ್ಟು, ಅದರಲ್ಲಿ ಹೆಚ್ಚಿನ ಪಾಲು ಸಿಲಿಕ. ಜೊತೆಗೆ ಪೊಟ್ಯಾಸಿಯಂ ಇರುವ ಹುಲ್ಲು, ಸಿಪ್ಪೆ ಸೇರಿದರೆ ಬೂದಿ ಕಡಿಮೆ ಉಷ್ಣದಲ್ಲೇ ಕರಗಿ, ತಣಿದಾಗ ಗಾಜಿನಂತಹ ಕಿಟ್ಟವಾಗಿ ಬಟ್ಟಲಿಗೆ ಕಚ್ಚುತ್ತದೆ. ಇಂಥ ಪೆಲೆಟ್ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರು ದಿನಕ್ಕೊಂದು ಸಲವಲ್ಲ, ಪ್ರತಿ ಅಡುಗೆಯ ನಂತರ ಕಿಟ್ಟ ತೆಗೆಯಲು ಸಿದ್ಧರಿರಬೇಕು.

ಅನುಮಾನ ಬಂದಾಗ ಅಳೆದು ನೋಡುವುದು ಉತ್ತಮ. ಒಲೆ ತಣ್ಣಗಿರುವಾಗ ಕೊಳವೆಯ ಬಾಯಿಗೆ ತಗಡಿನ ಡಬ್ಬಿ ಹಿಡಿಯುವಂತೆ ಇಟ್ಟು, ಸ್ಕ್ರೂವನ್ನು ಮಾತ್ರ ಐದು ನಿಮಿಷ ಓಡಿಸಿ, ಬಿದ್ದ ಪೆಲೆಟ್ಟನ್ನು ತೂಗಿ, 12ರಿಂದ ಗುಣಿಸಿ. ಗಂಟೆಗೆ 12 ಕಿಲೊ ಬೀಳಬೇಕಾದ ಒಲೆಯಲ್ಲಿ ಐದು ನಿಮಿಷಕ್ಕೆ ಒಂದು ಕಿಲೊ ಸಿಗಬೇಕು. 700 ಗ್ರಾಂ ಮಾತ್ರ ಬಂದರೆ ಸ್ಕ್ರೂವಿನ ರೆಕ್ಕೆ ಸವೆದಿದೆ, ಪುಡಿ ಮೆತ್ತಿದೆ ಅಥವಾ ಟೈಮರು ಬದಲಾಗಿದೆ. ಪೂರ್ತಿ ಒಂದು ಕಿಲೊ ಬಂದರೆ ಇಂಧನದ ದಾರಿ ಸರಿಯಿದೆ. ಗಾಳಿ, ಬೂದಿ, ಚಿಮಣಿಯ ಕಡೆ ಗಮನ ಹರಿಸಬೇಕು. ಒಲೆ ಹೊಸದಿರುವಾಗಲೇ ಈ ಅಳತೆ ಮಾಡಿ ಗೋಡೆಯ ಮೇಲೆ ಬರೆದಿಟ್ಟವರಿಗೆ ಮುಂದೆ ಹೋಲಿಸಿ ನೋಡುವುದು ಬಹಳ ಸುಲಭ.

ಕರೆಂಟು ಹೋದಾಗ ಮತ್ತು ಮರಳಿ ಹೊತ್ತಿಸುವಾಗ

ಅಡುಗೆಯ ನಡುವೆ ಕರೆಂಟು ಹೋದರೆ ಸ್ಕ್ರೂ, ಬ್ಲೋವರು ಎರಡೂ ನಿಂತು, ಬಟ್ಟಲಿನ ಕೆಂಡ ನಿಧಾನವಾಗಿ ಕೊಳವೆಯತ್ತ ಸರಿಯತೊಡಗುತ್ತದೆ. ಬೆಂಕಿ ಹಾಪರಿಗೆ ಏರುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಆದ್ದರಿಂದ ಬ್ಲೋವರು ಮತ್ತು ಸ್ಕ್ರೂ ಮೋಟಾರಿಗೆ ಸಾಲುವಷ್ಟು ಇನ್ವರ್ಟರ್ ಇಟ್ಟುಕೊಳ್ಳುವುದು ಅಗತ್ಯ. ಅದಿಲ್ಲದಿದ್ದರೆ ಹಾಪರಿನ ಗೇಟು ಮುಚ್ಚಿ, ಬಟ್ಟಲಿನ ಕೆಂಡವನ್ನು ಉದ್ದ ಹಿಡಿಯ ಸಲಿಕೆಯಿಂದ ಕಬ್ಬಿಣದ ಬಾಣಲೆಗೆ ತೆಗೆದು, ಹೊರಗೆ ಒಯ್ದು ಆರಿಸಬೇಕು.

ರಿಪೇರಿ ಮುಗಿದ ಮೇಲೆ ಹಾಪರನ್ನು ಒಮ್ಮೆಗೇ ತುಂಬಬೇಡಿ. ಕಾಲು ಭಾಗ ಮಾತ್ರ ಒಣ ಪೆಲೆಟ್ ಹಾಕಿ, ಖಾಲಿಯಾದ ಸ್ಕ್ರೂ ತುಂಬಿ ಮೊದಲ ಪೆಲೆಟ್ ಬಟ್ಟಲಿಗೆ ಬೀಳುವವರೆಗೆ ಕಾಯಿರಿ. ಬಟ್ಟಲಿನಲ್ಲಿ ಉರಿಯದೆ ಉಳಿದ ಹಳೆಯ ರಾಶಿಯಿದ್ದರೆ ಅದನ್ನು ತೆಗೆದ ಮೇಲೆಯೇ ಹೊತ್ತಿಸಿ. ರಾಶಿ ಹಾಗೆಯೇ ಇದ್ದು ಹೊಗೆಯಾಡಿದರೆ ಒಳಗೆ ತುಂಬಿದ ಅನಿಲ ಒಮ್ಮೆಲೇ ಹೊತ್ತಿ ಮುಖಕ್ಕೆ ಹಾರಬಹುದು. ಹೊತ್ತಿಸಲು ಪೆಟ್ರೋಲು, ತಿನ್ನರ್ ಬಳಸಲೇಬಾರದು.

ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ, ಪಾತ್ರೆ ತೊಳೆಯುವ ಜಾಗದಿಂದ ಬೇರೆಯಾಗಿ ಜೋಡಿಸಿ. ಮೊದಲು ಬಂದದ್ದನ್ನು ಮೊದಲು ಬಳಸಿ. ನಾಲ್ಕಾರು ದಿನ ಒಲೆ ಹಚ್ಚುವುದಿಲ್ಲ ಎಂದಾದರೆ, ಮುಖ್ಯವಾಗಿ ಮುಹೂರ್ತಗಳಿಲ್ಲದ ಆಷಾಢದಲ್ಲಿ ಕಲ್ಯಾಣ ಮಂಟಪದವರು, ಹಾಪರಿನಲ್ಲೂ ಸ್ಕ್ರೂವಿನಲ್ಲೂ ಪೆಲೆಟ್ ಉಳಿಸಬಾರದು. ಮೆಕ್ಯಾನಿಕ್ಕನ್ನು ಕರೆಯಬೇಕಾಗಿ ಬಂದರೆ ಸೀಮೆಸುಣ್ಣದ ಗೆರೆಗಳಲ್ಲಿ ಯಾವುದು ತಿರುಗಿತು, ಮೋಟಾರು ಸದ್ದು ಮಾಡಿತೇ, ಐದು ನಿಮಿಷಕ್ಕೆ ಎಷ್ಟು ತೂಕ ಬಿತ್ತು, ತೊಂದರೆ ಯಾವ ಚೀಲದಿಂದ ಶುರುವಾಯಿತು ಎಂಬುದನ್ನು ಫೋನಿನಲ್ಲೇ ತಿಳಿಸಿ, ಮೋಟಾರಿನ ಮೇಲಿನ ನೇಮ್‌ಪ್ಲೇಟಿನ ಫೋಟೊ ಕಳುಹಿಸಿ. ಆಗ ಅವರು ಬರುವಾಗಲೇ ಬೇಕಾದ ಬಿಡಿಭಾಗವನ್ನು ಕೈಯಲ್ಲಿ ಹಿಡಿದು ಬರಬಹುದು.